ಕೇಳಿದ್ದು ಮೈಸೂರಿನಲ್ಲಿ, ಬೆರಗಾದದ್ದು ಮನೋವಿಜ್ಞಾನ

ಮೋಟಾರ್ ಸೈಕಲ್ಲಿನ ಹಿಂದಿನ ಟೈರು ಒಡೆಯಿತು. ಹಿಂದೆ ಕೂತಿದ್ದವನು ಗಾಬರಿಯಲ್ಲಿ ಜಿಗಿದ, ಬಿದ್ದ, ತಲೆ ನೆಲಕ್ಕೆ ಬಡಿಯಿತು. ಗಾಡಿ ಓಡಿಸುತ್ತಿದ್ದವರು ವಕೀಲರು. ಅವರಿಗೆ ಅಂದು ಕೋರ್ಟಿನಲ್ಲಿ ಕೆಲಸವಿತ್ತು. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ಆದರೆ ಪೆಟ್ಟು ಎಷ್ಟು ಜೋರು, ಬೇರೆ ಕಡೆಗೆ ಸಾಗಿಸಬೇಕೇ ಎಂದು ಡಾಕ್ಟರನ್ನು ವಿಚಾರಿಸಲೂ ನಿಲ್ಲದೆ ಕೋರ್ಟಿಗೆ ಹೊರಟುಹೋದರು. ಗಾಯಾಳು ಉಳಿಯಲಿಲ್ಲ.

ವಕೀಲರು ಯಾಕೆ ಹಾಗೆ ಮಾಡಿದರು?

ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ಒಂದು ಪ್ರಶ್ನೆ, ಇಂಥವೇ ಇನ್ನಷ್ಟು ಸಾದಾ ಪ್ರಶ್ನೆಗಳ ಜೊತೆ ಸೇರಿ, ಇಡೀ ಒಂದು ವಿಜ್ಞಾನಶಾಖೆ ತನ್ನ ಬುಡವನ್ನು ಮುಟ್ಟಿ ನೋಡಿಕೊಳ್ಳುವಂತೆ ಮಾಡಿತು! ಅಪಘಾತದ ಕಥೆಯನ್ನು ಹೇಳಿದವರು ಮೈಸೂರಿನ ಒಬ್ಬ ನಿವಾಸಿ. ಕೇಳಿಸಿಕೊಂಡವರು ಅಮೆರಿಕದ ಮನೋವಿಜ್ಞಾನಿ ಜೋನ್ ಮಿಲ್ಲರ್. ನಿಮಗೆ ಚೆನ್ನಾಗಿ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ತಪ್ಪು ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರೆಂದು ವಿವರಿಸಿ ಎಂದು ಅವರು ಷಿಕಾಗೊದಲ್ಲೂ ಮೈಸೂರಿನಲ್ಲೂ ಜನರನ್ನು ಕೇಳುತ್ತ ಹೋದರು. ಫಲಿತಾಂಶ ಪ್ರಕಟವಾದದ್ದು 1984ರಲ್ಲಿ.

ಈ ವಕೀಲರ ಕಥೆಗೆ ಅಮೆರಿಕನ್ನರ ಉತ್ತರ ಮನುಷ್ಯನ ಗುಣದ ಕಡೆಗೆ ಓಡಿತು: ಆತ ಬೇಜವಾಬ್ದಾರಿ, ತನ್ನ ವೃತ್ತಿಯ ಏಳಿಗೆಯೊಂದೇ ಆತನಿಗೆ ಮುಖ್ಯ. ಮೈಸೂರಿನವರ ಉತ್ತರ ಆ ಹೊತ್ತಿನ ಸುತ್ತಮುತ್ತಲ ಕಡೆಗೆ ಹೋಯಿತು: ಕಕ್ಷಿಗಾರನ ಪರವಾಗಿ ಕೋರ್ಟಿನಲ್ಲಿ ನಿಲ್ಲಬೇಕಾದದ್ದು ಅವರ ಕರ್ತವ್ಯ, ಗಾಬರಿಯಾಗಿರಬೇಕು, ಪೆಟ್ಟು ಅಷ್ಟು ಜೋರಾಗಿ ಕಂಡಿರಲಿಕ್ಕಿಲ್ಲ. ಮೈಸೂರಿನವರು ವಕೀಲರನ್ನು ಮಾಫಿ ಮಾಡಿಬಿಟ್ಟರು ಎಂದಲ್ಲ. ಕಥೆ ಹೇಳಿದವರೇ ಅದು ತಪ್ಪು ಎಂದು ಖಂಡಿಸಿದ್ದರು. ತಪ್ಪು ಎನ್ನುವುದರಲ್ಲಿ ಎರಡೂ ಊರಿಗೆ ತಕರಾರಿಲ್ಲ. ಆ ತಪ್ಪು ಎಲ್ಲಿಂದ ಹುಟ್ಟಿತು ಎಂಬಲ್ಲಿ ದಾರಿ ಬೇರೆ. ಒಟ್ಟು ಉತ್ತರಗಳನ್ನು ಎಣಿಸಿದಾಗ ದೊಡ್ಡವರಲ್ಲಿ ಅಮೆರಿಕನ್ನರು ಗುಣಸ್ವಭಾವವನ್ನು ಕಾರಣವಾಗಿ ಹೇಳಿದ್ದು ಮೈಸೂರಿನವರ ಸುಮಾರು ಎರಡರಷ್ಟು. ಮೈಸೂರಿನವರು ಸಂದರ್ಭವನ್ನು ಕಾರಣವಾಗಿ ಹೇಳಿದ್ದು ಅಮೆರಿಕನ್ನರ ಸುಮಾರು ಎರಡರಷ್ಟು.

ಇಲ್ಲಿಗೇ ನಿಂತಿದ್ದರೆ ಪೂರ್ವ ಬೇರೆ, ಪಶ್ಚಿಮ ಬೇರೆ ಎಂಬ ಹಳೆಯ ಮಾತಿಗೆ ಇನ್ನೊಂದು ಪುರಾವೆ ಸಿಕ್ಕಂತಾಗುತ್ತಿತ್ತು, ಅಷ್ಟೇ. ಆದರೆ ಮಿಲ್ಲರ್ ಮಕ್ಕಳನ್ನೂ ಕೇಳಿದ್ದರು. 8 ವರ್ಷದವರು, 11ರವರು, 15ರವರು. ನನ್ನ ಮಟ್ಟಿಗೆ ಇಡೀ ಅಧ್ಯಯನದ ಮುತ್ತು ಇರುವುದು ಇಲ್ಲೇ. 8 ವರ್ಷದ ಷಿಕಾಗೊ ಮಗುವಿಗೂ 8 ವರ್ಷದ ಮೈಸೂರು ಮಗುವಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಭೂಮಿಯ ಎರಡು ಬದಿಗಳಲ್ಲಿ, ಎರಡು ಭಾಷೆಗಳಲ್ಲಿ, ಎರಡು ಬಗೆಯ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಪರರ ನಡತೆಯನ್ನು ವಿವರಿಸುವಾಗ ಹೆಚ್ಚೂಕಡಿಮೆ ಒಂದೇ ರೀತಿ ಮಾತಾಡುತ್ತಾರೆ. ವಯಸ್ಸು ಏರಿದಂತೆ ಕವಲು ಒಡೆಯುತ್ತದೆ. ಅಲ್ಲಿನ ಮಕ್ಕಳು ದೊಡ್ಡವರಾಗುತ್ತ ಹೆಚ್ಚು ಹೆಚ್ಚಾಗಿ ಗುಣವನ್ನು ನೋಡಲು ಕಲಿಯುತ್ತಾರೆ, ಇಲ್ಲಿನವರು ಹೆಚ್ಚು ಹೆಚ್ಚಾಗಿ ಸಂದರ್ಭವನ್ನು ನೋಡಲು ಕಲಿಯುತ್ತಾರೆ. ಅಂದರೆ ಈ ವ್ಯತ್ಯಾಸವನ್ನು ಯಾರೂ ಹುಟ್ಟುತ್ತ ತಂದದ್ದಲ್ಲ. ಊಟದ ಹೊತ್ತಿನ ಮಾತು, ಜಗಲಿಯ ಹರಟೆ, ನೆಂಟರ ಮನೆಯ ಪಂಚಾಯಿತಿ, ಇವುಗಳ ನಡುವೆ ವರ್ಷಗಟ್ಟಲೆ ಕೂತು ಮಗು ಇದನ್ನು ತನ್ನದಾಗಿಸಿಕೊಳ್ಳುತ್ತದೆ.

ಇದು ಯಾಕೆ ಅಷ್ಟು ದೊಡ್ಡ ಸುದ್ದಿ ಎಂದರೆ, ಆ ಹೊತ್ತಿಗೆ ಪಠ್ಯಪುಸ್ತಕದ ತೀರ್ಪು ಹೊರಬಿದ್ದಾಗಿತ್ತು. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಒಂದು ಪ್ರಯೋಗ ಪ್ರಕಟಿಸಿದ್ದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಪರವಾಗಿಯೋ ವಿರೋಧವಾಗಿಯೋ ಬರೆದ ಪ್ರಬಂಧಗಳನ್ನು ಅಮೆರಿಕದ ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಬರೆದವನಿಗೆ ಯಾವ ಪಕ್ಷ ಹಿಡಿಯಬೇಕೆಂಬ ಆಯ್ಕೆಯೇ ಇರಲಿಲ್ಲ, ಅದನ್ನು ಬೇರೆಯವರು ಗೊತ್ತುಮಾಡಿದ್ದರು ಎಂದು ಹೇಳಿದ ಮೇಲೂ, ಓದಿದವರು ಇದು ಬರೆದವನ ಸ್ವಂತ ಅಭಿಪ್ರಾಯವೇ ಇರಬೇಕು ಎನ್ನುವ ಕಡೆಗೇ ವಾಲಿದರು. ಹತ್ತು ವರ್ಷದ ನಂತರ, 1977ರಲ್ಲಿ, ಲೀ ರಾಸ್ ಈ ಒಲವಿಗೆ ಒಂದು ಹೆಸರು ಕೊಟ್ಟರು. ಪರರ ನಡತೆಗೆ ಕಾರಣ ಹುಡುಕುವಾಗ ಮನುಷ್ಯ ಮಾಡುವ ಮೂಲಭೂತ ದೋಷ ಎಂದು! ಮೂಲಭೂತ ಎಂದ ಮೇಲೆ ಮುಗಿಯಿತು, ಅದು ಮನುಷ್ಯಕುಲಕ್ಕೆಲ್ಲ ಅನ್ವಯಿಸಬೇಕು. ಮಗುವಿನ ಬುದ್ಧಿ ಬಲಿತಂತೆ ಜನರ ಸ್ಥಿರ ಗುಣಗಳನ್ನು ಗುರುತಿಸಲು ಅದು ಕಲಿಯುತ್ತದೆ, ಇದು ಬೆಳವಣಿಗೆಯ ಸಹಜ ಹಾದಿ ಎಂದೂ ಸಿದ್ಧಾಂತಗಳು ಹೇಳುತ್ತಿದ್ದವು. ಮೈಸೂರಿನ ಮಕ್ಕಳ ಬುದ್ಧಿಯೂ ಬಲಿಯುತ್ತಿತ್ತು. ಆದರೆ ಅದು ಆ ಹಾದಿ ಹಿಡಿಯಲಿಲ್ಲ.

ಬಡತನವೋ ಓದಿನ ಕೊರತೆಯೋ ಇದಕ್ಕೆ ಕಾರಣವಿರಬಹುದು ಎಂಬ ಅನುಮಾನಕ್ಕೂ ಮಿಲ್ಲರ್ ಜಾಗ ಬಿಡಲಿಲ್ಲ. ಮಧ್ಯಮ ವರ್ಗದ ಹಿಂದೂಗಳ ಜೊತೆಗೆ ಕೆಳವರ್ಗದವರನ್ನೂ ಆಂಗ್ಲೋ ಇಂಡಿಯನ್ ಸಮುದಾಯದವರನ್ನೂ ಮಾತಾಡಿಸಿದರು. ಆಂಗ್ಲೋ ಇಂಡಿಯನ್ನರ ಉತ್ತರಗಳು ಎಲ್ಲಿ ಬಿದ್ದವು ಗೊತ್ತೇ? ಷಿಕಾಗೊಗೂ ಮೈಸೂರಿನ ಹಿಂದೂಗಳಿಗೂ ನಡುವೆ!

ಮುಂದೆ ಮಿಲ್ಲರ್ ಮತ್ತು ಡೇವಿಡ್ ಬೆರ್ಸಾಫ್ ನೀತಿಯ ಪ್ರಶ್ನೆಗಳನ್ನು ಹಿಡಿದುಕೊಂಡು ಬಂದರು. ಆಪ್ತ ಗೆಳೆಯನ ಮದುವೆ, ಉಂಗುರಗಳು ನಿಮ್ಮ ಹತ್ತಿರ ಇವೆ, ರೈಲು ಹೊರಡುತ್ತಿದೆ, ಪರ್ಸು ಕಳುವಾಗಿದೆ. ಪಕ್ಕದಲ್ಲಿ ಸ್ಥಿತಿವಂತನೊಬ್ಬ ಕೋಟು ಬಿಟ್ಟು ಹೋಗಿದ್ದಾನೆ, ಅದರ ಜೇಬಿನಲ್ಲಿ ಟಿಕೆಟ್ಟು. ಕದಿಯಬಹುದೇ? ಇಂಥ ಇಕ್ಕಟ್ಟುಗಳಲ್ಲಿ ಭಾರತೀಯರಲ್ಲಿ ಬಹುಪಾಲು ಮಂದಿ ಗೆಳೆಯನಿಗೆ ಕೊಟ್ಟ ಮಾತನ್ನು ಎತ್ತಿಹಿಡಿದರು, ಅಮೆರಿಕನ್ನರಲ್ಲಿ ಅರ್ಧಕ್ಕಿಂತ ಕಡಿಮೆ ಜನ. ಸ್ನೇಹ ಉಳಿಸಿಕೊಳ್ಳುವುದು ಒಂದು ಕಡೆ ಅವರವರ ಇಷ್ಟದ ವಿಷಯ, ಇನ್ನೊಂದು ಕಡೆ ಧರ್ಮದ ವಿಷಯ. ನೀತಿಯೆಂದರೆ ನ್ಯಾಯ ಮತ್ತು ಹಕ್ಕು ಎಂದಷ್ಟೇ ಗೆರೆ ಎಳೆದು ಅಳೆಯುತ್ತಿದ್ದವರ ಪಟ್ಟಿಯಲ್ಲಿ ಈ ಎರಡನೆಯದಕ್ಕೆ ಕಲಮೇ ಇರಲಿಲ್ಲ.

ಹಾಗಾದರೆ ಅದುವರೆಗೆ ಪುಸ್ತಕಗಳಲ್ಲಿದ್ದ ‘ಮನುಷ್ಯ’ ಯಾರು? 2008ರಲ್ಲಿ ಜೆಫ್ರಿ ಆರ್ನೆಟ್ ಕೂತು ಲೆಕ್ಕ ಹಾಕಿದರು. ಅಮೆರಿಕದ ಮನೋವಿಜ್ಞಾನ ಸಂಘದ ಆರು ಪ್ರಮುಖ ಪತ್ರಿಕೆಗಳಲ್ಲಿ 2003ರಿಂದ 2007ರವರೆಗೆ ಬಂದ ಅಧ್ಯಯನಗಳನ್ನು ತೆಗೆದು ನೋಡಿದರೆ, ಅವುಗಳಲ್ಲಿ ಪಾಲ್ಗೊಂಡವರಲ್ಲಿ ಶೇ 96ರಷ್ಟು ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರುವುದು ಜಗತ್ತಿನ ಜನಸಂಖ್ಯೆಯ ಶೇ 12! ಎರಡು ವರ್ಷದ ನಂತರ, 2010ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಹೆನ್ರಿಕ್, ಸ್ಟೀವನ್ ಹೈನ್, ಅರಾ ನೊರೆನ್ಜಯಾನ್ ಇನ್ನೂ ಚುರುಕು ಮುಟ್ಟಿಸುವ ಲೆಕ್ಕ ಕೊಟ್ಟರು. ಪಾಶ್ಚಾತ್ಯ ಜಗತ್ತಿನ ಹೊರಗಿನ ಯಾವನೋ ಒಬ್ಬನಿಗಿಂತ, ಅಮೆರಿಕದ ಕಾಲೇಜಿನ ಯಾವನೋ ಒಬ್ಬ ವಿದ್ಯಾರ್ಥಿ ಇಂಥ ಅಧ್ಯಯನದಲ್ಲಿ ಪಾಲ್ಗೊಳ್ಳುವ ಸಂಭವ 4,000 ಪಟ್ಟಿಗೂ ಹೆಚ್ಚು. ಪ್ರೊಫೆಸರರ ಪ್ರಯೋಗಾಲಯದ ಪಕ್ಕದ ಕೋಣೆಯಲ್ಲೇ ತರಗತಿ. ಪಾಲ್ಗೊಂಡರೆ ಕೋರ್ಸಿನಲ್ಲಿ ಒಂದಿಷ್ಟು ಅಂಕ. ಹೀಗೆ ಸುಲಭವಾಗಿ ಸಿಕ್ಕಿದ ಹತ್ತೊಂಬತ್ತು, ಇಪ್ಪತ್ತರ ಪ್ರಾಯದವರ ಮನಸ್ಸೇ ಮಾನವ ಮನಸ್ಸಾಗಿ ಅಚ್ಚಾಯಿತು. ಆ ಮೂವರು ಇನ್ನೊಂದು ಮಾತು ಸೇರಿಸಿದರು: ಬೇರೆ ಬೇರೆ ದೇಶಗಳ ದತ್ತಾಂಶ ಇರುವಲ್ಲೆಲ್ಲ ಹೋಲಿಸಿ ನೋಡಿದರೆ, ಈ ಯುವಕರು ಸರಾಸರಿ ಮನುಷ್ಯರಲ್ಲ, ಹಲವು ವಿಷಯಗಳಲ್ಲಿ ಒಂದು ತುದಿಯಲ್ಲಿ ನಿಲ್ಲುವವರು.

ಅವರು ಕೊಟ್ಟ ಉದಾಹರಣೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಕಣ್ಣಿನದು. ಮನಸ್ಸು ಊರಿಂದ ಊರಿಗೆ ಬದಲಾದರೆ ಬದಲಾಗಲಿ, ಕಣ್ಣೂ ಬದಲಾಗುವುದೇ?

ಒಂದೇ ಉದ್ದದ ಎರಡು ಗೆರೆ ಎಳೆಯಿರಿ. ಒಂದರ ಎರಡೂ ತುದಿಗೆ ಬಾಣದ ಮೊನೆಯಂತೆ ಒಳಕ್ಕೆ ಮಡಚಿದ ಗೀಟು, ಇನ್ನೊಂದರ ತುದಿಗಳಿಗೆ ಹೊರಕ್ಕೆ ಚಾಚಿದ ಗೀಟು. ಎರಡನೆಯದು ಉದ್ದವಾಗಿ ಕಾಣುತ್ತದೆ. ಸ್ಕೇಲು ಇಟ್ಟು ಅಳೆದ ಮೇಲೂ ಉದ್ದವಾಗಿಯೇ ಕಾಣುತ್ತದೆ! ಜರ್ಮನಿಯ ಫ್ರಾಂಝ್ ಮ್ಯುಲ್ಲರ್-ಲಯರ್ 1889ರಲ್ಲಿ ತೋರಿಸಿದ ಭ್ರಮೆ ಇದು. 1898ರಲ್ಲಿ ಕೇಂಬ್ರಿಜ್‌ನ ಆಲ್ಫ್ರೆಡ್ ಹ್ಯಾಡನ್ ಒಂದು ತಂಡ ಕಟ್ಟಿಕೊಂಡು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಗೆ ಹೊರಟರು. ತಂಡದಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ವೈದ್ಯರಿದ್ದರು. ಅವರ ಪೆಟ್ಟಿಗೆಯಲ್ಲಿ ಈ ಗೆರೆಗಳೂ ಇದ್ದವು. ಆಗ ಯೂರೋಪಿನ ನಂಬಿಕೆ ಏನೆಂದರೆ, ‘ಅನಾಗರಿಕ’ರಿಗೆ ಪ್ರಾಣಿಗಳಂತೆ ಇಂದ್ರಿಯಗಳು ಮಹಾ ಚುರುಕು, ಬುದ್ಧಿ ಮಂದ, ಆದ್ದರಿಂದ ಅವರು ಇಂಥ ಭ್ರಮೆಗೆ ಬೇಗ ಸಿಕ್ಕಿಬೀಳುತ್ತಾರೆ. ಅಲ್ಲಿನ ಮರ್ರೆ ದ್ವೀಪದವರನ್ನು ಪರೀಕ್ಷಿಸಿದ ರಿವರ್ಸ್ ಕಂಡದ್ದೇ ಬೇರೆ. ಅವರ ಕಣ್ಣಿನ ಚುರುಕು ಪವಾಡಸದೃಶವೇನಲ್ಲ. ಆದರೆ ಈ ಗೆರೆಗಳ ಮುಂದೆ ಅವರು ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು! ಅಡ್ಡ ಗೆರೆಗಿಂತ ಲಂಬ ಗೆರೆ ಉದ್ದ ಕಾಣುವ ಮತ್ತೊಂದು ಭ್ರಮೆಯಲ್ಲಿ ಮಾತ್ರ ಇಂಗ್ಲಿಷರಿಗಿಂತ ಹೆಚ್ಚು ಮೋಸಹೋದರು. ಮೇಲಿನವರು, ಕೆಳಗಿನವರು ಎಂಬ ಏಣಿಗೆ ಇವೆರಡನ್ನೂ ಒಟ್ಟಿಗೆ ಒರಗಿಸಲು ಬರುವಂತಿರಲಿಲ್ಲ.

ಅಲ್ಲಿಂದ ರಿವರ್ಸ್ ಬಂದದ್ದು ಎಲ್ಲಿಗೆ? ನಮ್ಮ ನೆರೆಯ ನೀಲಗಿರಿಗೆ! ಬಂಡೀಪುರ ದಾಟಿ ಗೂಡಲೂರಿನ ತಿರುವುಗಳನ್ನು ಹತ್ತಿದರೆ ಸಿಗುವ ಆ ಹುಲ್ಲುಗಾವಲಿನ ಬೆಟ್ಟಗಳಲ್ಲಿ, 1901-02ರಲ್ಲಿ, ಎಮ್ಮೆ ಸಾಕುವ ತೋಡರ ನಡುವೆ ಅವರು ಅದೇ ಗೆರೆಗಳನ್ನು ಇಟ್ಟರು. ಫಲಿತಾಂಶ ಮರ್ರೆ ದ್ವೀಪದ್ದೇ ಬಗೆಯದು. ತೋಡರ ಹಳೆಯ ಮನೆಯನ್ನು ಚಿತ್ರದಲ್ಲಾದರೂ ನೋಡಿದವರಿಗೆ ಅದರ ಆಕಾರ ಮರೆಯುವುದಿಲ್ಲ. ಪೀಪಾಯಿಯನ್ನು ಉದ್ದಕ್ಕೆ ಸೀಳಿ ನೆಲಕ್ಕೆ ಕವುಚಿದಂಥ ಕಮಾನು ಛಾವಣಿ, ನೆಲದವರೆಗೂ ಬಾಗಿ ಇಳಿಯುವ ಗೋಡೆ.

ಈ ಆಕಾರ ಮುಂದಿನ ಕಥೆಗೆ ಬೇಕು. ಮಾರ್ಷಲ್ ಸೆಗಾಲ್, ಡೊನಾಲ್ಡ್ ಕ್ಯಾಂಪ್‌ಬೆಲ್, ಮೆಲ್ವಿಲ್ ಹರ್ಸ್ಕೊವಿಟ್ಸ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಫ್ರಿಕಾ, ಫಿಲಿಪೀನ್ಸ್, ಅಮೆರಿಕಗಳ ಹತ್ತಾರು ಸಮುದಾಯಗಳಲ್ಲಿ ಈ ಗೆರೆಗಳ ಪರೀಕ್ಷೆ ನಡೆಯಿತು. ಅಮೆರಿಕದ ಎವನ್‌ಸ್ಟನ್‌ನ ವಿದ್ಯಾರ್ಥಿಗಳಿಗೆ ಎರಡೂ ಸಮ ಎನಿಸಬೇಕಾದರೆ ಒಂದು ಗೆರೆಯನ್ನು ಸುಮಾರು ಶೇ 20ರಷ್ಟು ಉದ್ದ ಮಾಡಬೇಕಾಯಿತು. ಕಲಹರಿಯ ಸಾನ್ ಜನರಿಗೆ ಭ್ರಮೆ ಹೆಚ್ಚೂಕಡಿಮೆ ತಾಗಲೇ ಇಲ್ಲ. ಸಂಶೋಧಕರು ಒಂದು ಸುಂದರ ವಿವರಣೆ ಕೊಟ್ಟರು. ನಗರದವರು ಹುಟ್ಟಿನಿಂದ ಬಡಗಿಯೂ ಗಾರೆಯವನೂ ಕಟ್ಟಿದ ಚೌಕಾಕಾರದ ಕೋಣೆಗಳಲ್ಲಿ, ಮೂಲೆಗಳ ನಡುವೆ ಬೆಳೆದವರು. ಅವರ ಕಣ್ಣು ಆ ಗೀಟುಗಳನ್ನು ಮೂಲೆ ಎಂದು ಓದುತ್ತದೆ, ಹತ್ತಿರ ಯಾವುದು, ದೂರ ಯಾವುದು ಎಂದು ಎಣಿಸುತ್ತದೆ, ಉದ್ದವನ್ನು ತಿದ್ದಿಕೊಳ್ಳುತ್ತದೆ. ಮೂಲೆಗಳಿಲ್ಲದ ಮನೆಯಲ್ಲಿ ಬೆಳೆದವರಿಗೆ ಈ ಚಾಳಿ ಇಲ್ಲ. ಎಷ್ಟು ಚೆಂದದ ವಿವರಣೆ! ಅರ್ಧ ಶತಮಾನ ಇದು ಪಾಠದ ಕೋಣೆಗಳನ್ನು ಆಳಿತು.

ಆಮೇಲೆ ದೆಹಲಿಯಿಂದ ಒಂದು ಸಿಡಿಲು ಬಂತು. ಅಮೆರಿಕದ ಎಂ.ಐ.ಟಿ.ಯ ಪವನ್ ಸಿನ್ಹಾ ನಡೆಸುವ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದ ಕಣ್ಣಿನ ಪೊರೆಯಿಂದಾಗಿ ಕುರುಡರಾದ ಮಕ್ಕಳನ್ನು ಹುಡುಕಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ದೃಷ್ಟಿ ಬಂದ ಒಂಬತ್ತು ಮಕ್ಕಳಿಗೆ, 8ರಿಂದ 16 ವರ್ಷದವರಿಗೆ, ಪಟ್ಟಿ ಬಿಚ್ಚಿದ ಒಂದೆರಡು ದಿನಗಳಲ್ಲೇ ಈ ಗೆರೆಗಳನ್ನು ತೋರಿಸಿದರು. ಜೀವನದಲ್ಲಿ ಒಂದು ಮೂಲೆಯನ್ನೂ ಸ್ಪಷ್ಟವಾಗಿ ಕಂಡಿರದ ಕಣ್ಣುಗಳು ಅವು. ಆ ಮಕ್ಕಳಿಗೂ ಭ್ರಮೆಯಾಯಿತು! 2015ರಲ್ಲಿ ಈ ವರದಿ ಪ್ರಕಟವಾಯಿತು. ಇತ್ತೀಚೆಗೆ ಡೋರ್ಸಾ ಅಮೀರ್ ಮತ್ತು ಚಾಝ್ ಫೈರ್‌ಸ್ಟೋನ್ ಇದನ್ನೂ ಸೇರಿಸಿ ಹಳೆಯ ಪುರಾವೆಗಳನ್ನೆಲ್ಲ ಮತ್ತೆ ಬಗೆದಿದ್ದಾರೆ. ಮೀನು, ಹಕ್ಕಿಗಳೂ ಈ ಗೆರೆಗೆ ಮೋಸಹೋಗುತ್ತವೆ. ನೇರ ಗೀಟಿನ ಬದಲು ವಕ್ರರೇಖೆ ಹಾಕಿದರೂ ಭ್ರಮೆ ಉಳಿಯುತ್ತದೆ. ಕಣ್ಣು ಕಾಣದವರು ಕೈಯಿಂದ ಮುಟ್ಟಿ ನೋಡಿದರೂ ಉಂಟಾಗುತ್ತದೆ. ಹಾಗಿದ್ದ ಮೇಲೆ ಮನೆಯ ಮೂಲೆಗಳು ಇದನ್ನು ಹುಟ್ಟಿಸಲಾರವು ಎಂಬುದು ಅವರ ವಾದ.

ನನಗೆ ಈ ತಿರುವು ಮೊದಲಿನದಕ್ಕಿಂತಲೂ ರೋಮಾಂಚನ ಕೊಡುತ್ತದೆ. ಎಲ್ಲರೂ ಒಂದೇ ಎಂದು ಕಣ್ಣುಮುಚ್ಚಿ ನಂಬಿದ್ದು ಹೇಗೆ ತಪ್ಪೋ, ಎಲ್ಲರೂ ಬೇರೆ ಎಂಬುದನ್ನು ಚೆಂದದ ಕಥೆಗೆ ಮರುಳಾಗಿ ನಂಬುವುದೂ ಹಾಗೇ ತಪ್ಪು. ಎರಡನ್ನೂ ಹೋಗಿ ನೋಡಬೇಕು. ಒಂದೊಂದು ವಿಷಯಕ್ಕೂ, ಒಂದೊಂದು ಊರಿನಲ್ಲೂ.

ಹೋಗಿ ನೋಡುವುದೇನೋ ಸರಿ, ಆದರೆ ಹೇಗೆ ಕೇಳುವುದು? ಲೈಬೀರಿಯಾದ ಕ್ಪೆಲ್ಲೆ ರೈತರ ಬಳಿಗೆ ಮೈಕೆಲ್ ಕೋಲ್, ಜೋಸೆಫ್ ಗ್ಲಿಕ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇಪ್ಪತ್ತು ವಸ್ತುಗಳನ್ನು ತೆಗೆದುಕೊಂಡು ಹೋದರು. ಆಹಾರ, ಬಟ್ಟೆ, ಹತ್ಯಾರು, ಅಡುಗೆಯ ಪಾತ್ರೆ, ಒಂದೊಂದರಲ್ಲಿ ಐದೈದು. ಒಂದಕ್ಕೊಂದು ಹೊಂದುವುದನ್ನು ಗುಂಪು ಮಾಡಿ ಎಂದರು. ಪುಸ್ತಕದ ಪ್ರಕಾರ ಬುದ್ಧಿವಂತ ಉತ್ತರ ನಾಲ್ಕು ಗುಂಪು. ರೈತರು ಚಾಕುವನ್ನು ತೆಗೆದು ಗೆಡ್ಡೆಯ ಪಕ್ಕ ಇಟ್ಟರು. ಚಾಕು ಇರುವುದು ಕೊಯ್ಯುವುದಕ್ಕೆ ತಾನೇ? ಹೀಗೆ ಕೆಲಸಕ್ಕೆ ಕೆಲಸ ಜೋಡಿಸುತ್ತ ಹೋದರು, ಬುದ್ಧಿವಂತ ಮಾಡುವುದು ಹೀಗೆ ಎಂದೂ ಸೇರಿಸಿದರು. ಅಮೂರ್ತ ಚಿಂತನೆ ಇವರಿಗೆ ಬರುವುದಿಲ್ಲ ಎಂದು ಷರಾ ಬರೆದು ಹೊರಟುಬಿಡಬಹುದಿತ್ತು. ಎಷ್ಟೋ ಜನ ಹಾಗೆ ಬರೆದು ಹೊರಟವರೇ. ಆದರೆ ಕೊನೆಗೆ ಒಂದು ಪ್ರಶ್ನೆ ಬಂತು: ಹಾಗಾದರೆ ದಡ್ಡ ಹೇಗೆ ಜೋಡಿಸುತ್ತಾನೆ?

ರೈತರು ಅಚ್ಚುಕಟ್ಟಾಗಿ ನಾಲ್ಕು ಗುಂಪು ಮಾಡಿ ಇಟ್ಟರು. ಆಹಾರ ಆಹಾರದ ಜೊತೆ, ಬಟ್ಟೆ ಬಟ್ಟೆಯ ಜೊತೆ!

ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಸಾಮರ್ಥ್ಯ ಅಲ್ಲೇ ಇತ್ತು, ಪೂರ್ತಿಯಾಗಿ, ಕೈಯಳತೆಯಲ್ಲಿ. ಅದು ಉಪಯೋಗಕ್ಕೆ ಬಾರದ ಆಟ ಎಂದು ಅವರು ಬದಿಗಿಟ್ಟಿದ್ದರು. ಆ ಒಂದು ಪ್ರಶ್ನೆ ಬರದಿದ್ದರೆ ಇಡೀ ಸಮುದಾಯದ ಬುದ್ಧಿಯ ಬಗ್ಗೆ ಸುಳ್ಳು ವರದಿಯೊಂದು ಗ್ರಂಥಾಲಯಗಳಲ್ಲಿ ಶಾಶ್ವತವಾಗಿ ಕೂತಿರುತ್ತಿತ್ತು. ಅಳೆಯುವ ಸಾಧನವೂ ಒಂದು ಊರಿನದು ಎಂದು ನಮ್ಮ ಕಡೆಯ ಹಿರಿಯರು ಬೇಗ ಕಂಡುಕೊಂಡಿದ್ದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಪ್ಯಾರಿಸ್ಸಿನಲ್ಲಿ 1905ರಲ್ಲಿ ಹುಟ್ಟಿ, 1916ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪ ಬದಲಿಸಿದ ಬಿನೆ ಬುದ್ಧಿ ಪರೀಕ್ಷೆಯನ್ನು ವಿ.ವಿ. ಕಾಮತರು ಅಂದಿನ ಮುಂಬಯಿ-ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆಂದು ಹೊಸದಾಗಿ ಹೊಂದಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಆಸ್ಪತ್ರೆ, ಶಾಲೆಗಳಲ್ಲಿ ದಶಕಗಳ ಕಾಲ ಓಡಾಡಿತು.

ಮಕ್ಕಳ ಮಾತು ಬಂತಲ್ಲ, ಆ ಪ್ರಸಿದ್ಧ ಮಿಠಾಯಿ ಪರೀಕ್ಷೆ ನೋಡಿ. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಆರಂಭಿಸಿದ್ದು. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೊ. ನಾನು ಬರುವವರೆಗೆ ತಿನ್ನದಿದ್ದರೆ ಎರಡು ಸಿಗುತ್ತದೆ. ಕಾದ ಮಗುವಿಗೆ ಸಂಯಮವಿದೆ, ಮುಂದೆ ಬದುಕಿನಲ್ಲಿ ಗೆಲ್ಲುತ್ತದೆ ಎಂದೆಲ್ಲ ಅಪ್ಪ ಅಮ್ಮಂದಿರಿಗೆ ಉಪದೇಶ ಕೊಡುವ ಮಟ್ಟಕ್ಕೆ ಇದು ಬೆಳೆಯಿತು. ಬೆಟಿನಾ ಲಾಮ್, ಹೈಡಿ ಕೆಲ್ಲರ್ ಮತ್ತು ಜೊತೆಗಾರರು ಇದನ್ನು ಆಫ್ರಿಕಾದ ಕ್ಯಾಮರೂನಿಗೆ ಒಯ್ದರು. ಅಲ್ಲಿನ ನ್ಸೊ ರೈತ ಕುಟುಂಬಗಳ ನಾಲ್ಕು ವರ್ಷದ ಮಕ್ಕಳ ಮುಂದೆ ಪಫ್-ಪಫ್ ಎಂಬ, ಎಣ್ಣೆಯಲ್ಲಿ ಕರಿದ ಅಲ್ಲಿನ ತಿಂಡಿ ಇಟ್ಟರು. ಜರ್ಮನಿಯ ಮಧ್ಯಮ ವರ್ಗದ ಮಕ್ಕಳಲ್ಲಿ ಕೊನೆಯವರೆಗೆ ಕಾದವರು ಮೂರರಲ್ಲಿ ಒಂದು ಪಾಲೂ ಇಲ್ಲ. ನ್ಸೊ ಮಕ್ಕಳಲ್ಲಿ ಸುಮಾರು ಶೇ 70! ಜರ್ಮನ್ ಮಕ್ಕಳು ಹಾಡಿಕೊಂಡರು, ಕುರ್ಚಿಯಲ್ಲಿ ಹೊರಳಾಡಿದರು, ಎದ್ದು ಓಡಾಡಿದರು. ನ್ಸೊ ಮಕ್ಕಳು ಸುಮ್ಮನೆ ಕೂತರು, ಕೆಲವರು ಅಲ್ಲೇ ನಿದ್ದೆಹೋದರು.

ಇಷ್ಟಕ್ಕೆ ನ್ಸೊ ಮಕ್ಕಳೇ ಸಂಯಮಿಗಳು ಎಂದು ತೀರ್ಮಾನಿಸೋಣವೇ? ತಡೆಯಿರಿ. 2022ರಲ್ಲಿ ಜಪಾನಿನ ಕ್ಯೋಟೊ ಮತ್ತು ಅಮೆರಿಕದ ಬೋಲ್ಡರ್ ನಗರದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ತಿಂಡಿಯ ಮುಂದೆ ಜಪಾನಿನ ಮಕ್ಕಳು ಎಷ್ಟೋ ಹೆಚ್ಚು ಹೊತ್ತು ಕಾದರು. ಇನ್ನು ಕೆಲವು ಮಕ್ಕಳ ಮುಂದೆ ತಿಂಡಿಯ ಬದಲು ಕಾಗದ ಸುತ್ತಿದ ಉಡುಗೊರೆ ಇಟ್ಟರು. ಈಗ ಅಮೆರಿಕದ ಮಕ್ಕಳು ಗೆದ್ದರು! ಜಪಾನಿನ ಮನೆ, ಶಾಲೆಗಳಲ್ಲಿ ಎಲ್ಲರ ತಟ್ಟೆಗೂ ಬಡಿಸಿಯಾಗುವವರೆಗೆ ಕಾಯುವುದು ದಿನದ ಅಭ್ಯಾಸ. ಅಮೆರಿಕದಲ್ಲಿ ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್‌ಗೋ ಬಂದ ಉಡುಗೊರೆಯನ್ನು ಹೊತ್ತಿಗೆ ಮುಂಚೆ ಬಿಚ್ಚದಿರುವುದು ಅಭ್ಯಾಸ. ಅದೇ ಊರಿನ ಮಕ್ಕಳು, ಅದೇ ಪರೀಕ್ಷೆ. ಮೇಜಿನ ಮೇಲಿನ ವಸ್ತು ಬದಲಾದರೆ ಸಂಯಮದ ಅಂಕವೇ ಬದಲಾಗುತ್ತದೆ.

ಆಟದ ಮೇಜಿನಿಂದ ಆಸ್ಪತ್ರೆಯ ಮೇಜಿಗೆ ಬಂದರೆ ಇದೇ ಪ್ರಶ್ನೆಗೆ ಜೀವದ ಬೆಲೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಅಧ್ಯಯನ ಹೊರರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡಿತು. ತಲೆನೋವು, ಸುಸ್ತು, ಮೈಕೈ ನೋವು ಎಂದು ಬಂದವರು ಅವರು. ಭಾರತೀಯರು ದುಃಖವನ್ನು ಮನಸ್ಸಿನಲ್ಲಿ ಗುರುತಿಸದೆ ಮೈಯಲ್ಲಿ ತೋರಿಸುತ್ತಾರೆ ಎಂಬ ಮಾತು ವೈದ್ಯಲೋಕದಲ್ಲಿ ಬಹಳ ಹಿಂದಿನಿಂದ ಇತ್ತು. ವಿವರವಾಗಿ ಕೇಳಿದಾಗ ಕಂಡದ್ದು: ಮನಸ್ಸಿನ ಬೇನೆ ಹೆಚ್ಚಿದಷ್ಟೂ ಕಳಂಕದ ಭಯ ಹೆಚ್ಚು, ಮೈನೋವಿನ ತೂಕ ಹೆಚ್ಚಿದ್ದಲ್ಲಿ ಆ ಭಯ ಕಡಿಮೆ. ಮನಸ್ಸು ಕುಸಿದಿದೆ ಎಂದರೆ ಸಮಾಜದಲ್ಲಿ ತಮ್ಮ ಸ್ಥಾನಕ್ಕೆ ಪೆಟ್ಟು. ಮೈ ನೋಯುತ್ತದೆ ಎಂದರೆ ಅದು ಯಾರಿಗೂ ಆಗಾಗ ಬರುವಂಥದ್ದೇ. ಅವರಿಗೆ ಏನೂ ತಿಳಿಯದೆ ಇರಲಿಲ್ಲ. ಯಾವುದನ್ನು ಯಾರ ಮುಂದೆ ಹೇಳಿದರೆ ಏನಾಗುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು! ಹೊರಗಿನಿಂದ ತಂದ ಪ್ರಶ್ನಾವಳಿ ಒಂದನ್ನೇ ತುಂಬಿಸಿಕೊಂಡು ಕಳಿಸಿದ್ದರೆ ಈ ಎಚ್ಚರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕೇಳುವವರು ನಮ್ಮವರೇ ಆಗಿಬಿಟ್ಟರೆ ಎಲ್ಲ ಸರಿಹೋಗುವುದೇ? ಮೈಸೂರಿನಲ್ಲೇ ಹುಟ್ಟಿ ಬೆಳೆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ, ಅವರು ರಾಂಪುರ ಎಂದು ಕರೆದ ಹಳ್ಳಿಗೆ ಹೋಗಿ ನೆಲೆಸಿದರು. ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ. ಭಾಷೆ ತಮ್ಮದೇ, ಸೀಮೆ ತಮ್ಮದೇ. ಆದರೂ ಅವರು ಬ್ರಾಹ್ಮಣ, ಪಟೇಲರ ಅತಿಥಿ, ಗಂಡಸು. ಹಳ್ಳಿಯ ಯಾವ ಬಾಗಿಲು ತಮಗೆ ತೆರೆಯಿತು, ದಲಿತರ ಕೇರಿಯ ಮತ್ತು ಹೆಂಗಸರ ಲೋಕದ ಯಾವ ಬಾಗಿಲು ಪೂರ್ತಿ ತೆರೆಯಲಿಲ್ಲ ಎಂಬುದನ್ನು ಅವರು ಮರೆಮಾಚಲಿಲ್ಲ. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನ ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಶ್ರೀನಿವಾಸ್ ಆಗ ಅಲ್ಲಿದ್ದರು. ಅವರು ವರ್ಷಗಟ್ಟಲೆ ಕೂತು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಅವರು ಮಾಡಿದ್ದು ಅಚ್ಚರಿಯ ಕೆಲಸ: ನೆನ‍ಪೊಂದನ್ನೇ ಹಿಡಿದು ಹಳ್ಳಿಯನ್ನು ಮತ್ತೆ ಕಟ್ಟಿದರು. 1976ರ ‘ದಿ ರಿಮೆಂಬರ್ಡ್ ವಿಲೇಜ್’ ಹುಟ್ಟಿದ್ದು ಹೀಗೆ. ಅದರಲ್ಲಿ ಹಳ್ಳಿಯ ಜನ ದತ್ತಾಂಶವಾಗಿ ಕೂತಿಲ್ಲ. ಬಂದವರನ್ನೇ ಎದುರು ಪ್ರಶ್ನೆ ಕೇಳುತ್ತಾರೆ, ಪರೀಕ್ಷಿಸುತ್ತಾರೆ, ನಗುತ್ತಾರೆ.

ಎದುರು ಪ್ರಶ್ನಿಸುವ ಇಂಥ ಜನರೇ, ಬೇರೆ ದೇಶಗಳಲ್ಲಿ, ಕೊನೆಗೆ ಅರ್ಥಶಾಸ್ತ್ರದ ಒಂದು ದೊಡ್ಡ ಲೆಕ್ಕವನ್ನೂ ತಲೆಕೆಳಗು ಮಾಡಿದರು. ಇಬ್ಬರು ಆಡುವ ಆಟವೊಂದಿದೆ. ಒಬ್ಬನಿಗೆ ಹಣ ಕೊಟ್ಟು ಇನ್ನೊಬ್ಬನಿಗೆ ಎಷ್ಟು ಪಾಲು ಕೊಡುತ್ತೀ ಎಂದು ಕೇಳುತ್ತಾರೆ. ಎರಡನೆಯವನು ಒಪ್ಪಿದರೆ ಇಬ್ಬರಿಗೂ ಹಣ, ಒಲ್ಲೆ ಎಂದರೆ ಇಬ್ಬರಿಗೂ ಸೊನ್ನೆ. ಅಮೆರಿಕದಲ್ಲಿ ಹೆಚ್ಚಿನವರು ಅರ್ಧದ ಹತ್ತಿರ ಕೊಡುತ್ತಾರೆ, ತೀರಾ ಕಡಿಮೆ ಕೊಟ್ಟರೆ ಎದುರಿನವರು ಸಿಟ್ಟಿನಿಂದ ತಿರಸ್ಕರಿಸುತ್ತಾರೆ. ಇದೇ ಮನುಷ್ಯನ ಸಹಜ ನ್ಯಾಯಪ್ರಜ್ಞೆ ಎಂದುಕೊಂಡಿದ್ದರು. 1995ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಹೆನ್ರಿಕ್ ಪೆರು ದೇಶದ ಅಮೆಜಾನ್ ಕಾಡಿನ ಮಾಚಿಗೆಂಗಾ ಜನರ ಜೊತೆ ಇದನ್ನು ಆಡಿಸಿದರು. ಕೊಟ್ಟದ್ದು ಸರಾಸರಿ ಕಾಲು ಭಾಗ. ತಿರಸ್ಕಾರ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಪುಕ್ಕಟೆ ಬಂದ ಹಣವನ್ನು ಯಾರಾದರೂ ಬೇಡ ಎನ್ನುತ್ತಾರೆಯೇ?

ಆಮೇಲೆ ಆಟ ಹದಿನೈದು ಸಣ್ಣ ಸಮಾಜಗಳಿಗೆ ಹೋಯಿತು. ಇಂಡೊನೇಷ್ಯಾದ ಲಮಲೆರಾದಲ್ಲಿ ದೋಣಿ ಕಟ್ಟಿಕೊಂಡು ಒಟ್ಟಾಗಿ ತಿಮಿಂಗಿಲ ಬೇಟೆಯಾಡಿ ಪಾಲು ಹಂಚಿಕೊಳ್ಳುವ ಜನ ಸರಾಸರಿ ಅರ್ಧಕ್ಕಿಂತ ಹೆಚ್ಚು ಕೊಟ್ಟರು. ಪಾಪುವಾ ನ್ಯೂಗಿನಿಯ ಔ ಮತ್ತು ಗ್ನೌ ಜನ ಅರ್ಧಕ್ಕಿಂತ ಹೆಚ್ಚು ಕೊಟ್ಟರೂ ಬೇಡ ಎಂದರು! ಅಲ್ಲಿ ದೊಡ್ಡ ಕೊಡುಗೆ ಪಡೆದವನು ಕೊಟ್ಟವನ ಹಂಗಿಗೆ ಬೀಳುತ್ತಾನೆ, ತೀರಿಸುವ ದಿನವನ್ನು ಕೊಟ್ಟವನೇ ಗೊತ್ತುಮಾಡುತ್ತಾನೆ.

ಕೀನ್ಯಾದ ದನಗಾಹಿ ಓರ್ಮಾ ಜನರ ನಡುವೆ ಆಟ ಆಡಿಸಿದವರು ಜೀನ್ ಎನ್ಸ್‌ಮಿಂಗರ್. ಅವರು ಇನ್ನೊಂದು ಆಟವನ್ನೂ ಒಯ್ದಿದ್ದರು. ಪ್ರತಿಯೊಬ್ಬರೂ ಒಂದು ಸಾಮೂಹಿಕ ಗಂಟಿಗೆ ಇಷ್ಟಬಂದಷ್ಟು ಹಾಕಬೇಕು, ಒಟ್ಟಾದ ಹಣವನ್ನು ಹೆಚ್ಚಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ಬಹಳ ಯೋಚಿಸಿ ಕಟ್ಟಿದ, ನಿತ್ಯಜೀವನದ ಯಾವ ಸೋಂಕೂ ತಾಗದಿರಲಿ ಎಂದು ಬೋಳಾಗಿಟ್ಟ ಆಟ ಅದು. ನಿಯಮ ಕೇಳಿದ್ದೇ ತಡ, ಓರ್ಮಾ ಜನ ಅದನ್ನು ಗುರುತು ಹಿಡಿದರು. ಇದು ಹರಾಂಬೆ! ಶಾಲೆಗೋ ರಸ್ತೆಗೋ ಊರವರೆಲ್ಲ ಸೇರಿ ವಂತಿಗೆ ಎತ್ತುವ ಪದ್ಧತಿ ಅಲ್ಲಿ ಇದೆ. ಅದರಲ್ಲಿ ದನಕರು ಹೆಚ್ಚಿದ್ದವರು ಹೆಚ್ಚು ಕೊಡುವುದು ರೂಢಿ. ಎನ್ಸ್‌ಮಿಂಗರ್ ಆಟಕ್ಕೆ ಕೂತವರೆಲ್ಲರ ಕೈಗೂ ಕೊಟ್ಟಿದ್ದು ಒಂದೇ ಮೊತ್ತ. ಆದರೂ ಮನೆಯಲ್ಲಿ ಆಸ್ತಿ ಹೆಚ್ಚಿದ್ದವರು ಗಂಟಿಗೆ ಹೆಚ್ಚು ಹಾಕಿದರು, ಕಡಿಮೆ ಇದ್ದವರು ಕಡಿಮೆ ಹಾಕಿದರು. ಮೊದಲ ಆಟದಲ್ಲಿ ಅವರೇ ಹಾಗೆ ಮಾಡಿರಲಿಲ್ಲ, ಏಕೆಂದರೆ ಅದು ಹರಾಂಬೆ ಆಗಿರಲಿಲ್ಲ.